ಕೊನೆಯ ಎರಡು ಚಾಪ್ಟರ್‌ಗಳು

ಸೆಕೆಂಡ್ ಪಿಯುಸಿ ಗಣಿತದ ಪುಸ್ತಕದ ಕೊನೆಯ ಎರಡು ಚಾಪ್ಟರ್ ನೆನಪಿದೆಯಾ? ಹನ್ನೆರಡನೆಯದು ಲೀನಿಯರ್ ಪ್ರೋಗ್ರಾಮಿಂಗ್, ಹದಿಮೂರನೆಯದು ಪ್ರಾಬಬಿಲಿಟಿ. ವರ್ಷಪೂರ್ತಿ ಇಂಟಿಗ್ರೇಷನ್ ಜೊತೆ ಗುದ್ದಾಡಿ ಸುಸ್ತಾದ ಮೇಲೆ, ಪ್ರಿಪರೇಟರಿ ಪರೀಕ್ಷೆ ಹತ್ತಿರ ಬಂದಾಗ ಗಡಿಬಿಡಿಯಲ್ಲಿ ಮುಗಿಸುವ ಚಾಪ್ಟರ್‌ಗಳು. “ಗ್ರಾಫ್ ಹಾಕಿ, ಮೂಲೆ ಬಿಂದು ಬರೆದು, ಟೇಬಲ್ ಹಾಕಿದ್ರೆ ಫುಲ್ ಮಾರ್ಕ್ಸ್, ಯಾಕೆ ಏನು ಅಂತ ಕೇಳಬೇಡಿ” ಅಂತ ನಮ್ಮ ಲೆಕ್ಚರರ್ ಹೇಳ್ತಿದ್ರು. ನಾವೂ ಕೇಳಲಿಲ್ಲ.

ಈಗ ಚಿಕ್ಕಪ್ಪನ ಮಗಳು ಸೆಕೆಂಡ್ ಪಿಯು. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಒಂದು ಗಂಟೆ ಗಣಿತ ಮಾಡ್ತೀವಿ. ಅವಳು ಕೇಳೇ ಬಿಟ್ಟಳು: “ಅಣ್ಣ, ಇವೆರಡೂ ನಿಂಗೆ ಕೆಲಸದಲ್ಲಿ ಬರುತ್ತಾ?” ಕೋಡ್ ಬರೆಯೋಕೆ ಶುರು ಮಾಡಿ ಎಂಟು ವರ್ಷವಾಯ್ತು. ಇಂಟಿಗ್ರೇಷನ್ ಬೈ ಪಾರ್ಟ್ಸ್ ಒಂದು ಸಲವೂ ಬಂದಿಲ್ಲ. ಈ ಎರಡು ಮಾತ್ರ ಬಂದಿವೆ, ಆಫೀಸಿಗಿಂತ ಹೆಚ್ಚಾಗಿ ಮನೆಗೆ.

ಇವೆರಡನ್ನೂ ಒಟ್ಟಿಗೆ ಸೇರಿಸಿ ಕಲಿಸುವುದಕ್ಕೆ ಅಮೆರಿಕದ ಕಾಲೇಜುಗಳಲ್ಲಿ ಫೈನೈಟ್ ಮ್ಯಾಥಮ್ಯಾಟಿಕ್ಸ್ ಅನ್ನೋ ಹೆಸರಿದೆ. 1957ರಲ್ಲಿ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ, ಲಾರಿ ಸ್ನೆಲ್ ಮತ್ತು ಜೆರಾಲ್ಡ್ ಥಾಂಪ್ಸನ್ ಈ ಹೆಸರಿನ ಪುಸ್ತಕ ತಂದರು. ಕ್ಯಾಲ್ಕುಲಸ್ ಇಲ್ಲದೆಯೂ ಉಪಯೋಗಕ್ಕೆ ಬರುವ ಗಣಿತ ಇದೆ, ಸಮಾಜ ವಿಜ್ಞಾನ ಓದುವವರಿಗೂ ಅದನ್ನು ಕಲಿಸಬಹುದು ಅನ್ನೋದು ಅವರ ಲೆಕ್ಕ. ಇದೇ ಕೆಮೆನಿ 1964ರಲ್ಲಿ ಥಾಮಸ್ ಕರ್ಟ್ಜ್ ಜೊತೆ ಬೇಸಿಕ್ ಭಾಷೆ ಮಾಡಿದ್ದು. ಹೈಸ್ಕೂಲ್ ಲ್ಯಾಬ್‌ನಲ್ಲಿ ಹತ್ತು, ಇಪ್ಪತ್ತು ಅಂತ ಸಾಲು ನಂಬರ್ ಹಾಕಿ ಪ್ರೋಗ್ರಾಂ ಬರೆದವರು ಈ ಪುಣ್ಯಾತ್ಮನಿಗೆ ಒಂದು ನಮಸ್ಕಾರ ಹಾಕಿ ಮುಂದೆ ಬನ್ನಿ.

ಮೊದಲು ಹದಿಮೂರನೇ ಚಾಪ್ಟರ್.

ಹೋದ ವರ್ಷ ನನ್ನ ತಂಗಿಗೆ ಮೂರನೇ ತಿಂಗಳು ನಡೆಯುತ್ತಿತ್ತು. ವಯಸ್ಸು 30. ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆ ಎರಡನ್ನೂ ಸೇರಿಸಿದ ರಿಪೋರ್ಟು ಶುಕ್ರವಾರ ರಾತ್ರಿ ಒಂಬತ್ತಕ್ಕೆ ಮೊಬೈಲಿಗೆ ಬಂತು. ಡೌನ್ ಸಿಂಡ್ರೋಮ್ ಎದುರು ಕೆಂಪು ಅಕ್ಷರದಲ್ಲಿ “ಹೈ ರಿಸ್ಕ್”. ಪಕ್ಕದಲ್ಲಿ ಸಣ್ಣದಾಗಿ 1:190. ಡಾಕ್ಟರ್ ಸಿಗೋದು ಸೋಮವಾರ. ಭಾವ ಗೂಗಲ್ ಮಾಡಿದರು. ಈ ಪರೀಕ್ಷೆ ನೂರರಲ್ಲಿ 90 ಕೇಸ್ ಹಿಡಿಯುತ್ತೆ ಅಂತ ಎಲ್ಲೋ ಓದಿದರು. ಅವರಿಗೆ ಅದು ಕೇಳಿಸಿದ್ದು “ನಮ್ಮ ಮಗುವಿಗೆ ತೊಂದರೆ ಇರುವ ಸಾಧ್ಯತೆ 90 ಪರ್ಸೆಂಟ್” ಅಂತ. ಅಮ್ಮ ಆಗಲೇ ಹರಕೆ ಹೊತ್ತಾಗಿತ್ತು. ತಂಗಿ ಫೋನ್ ಎತ್ತುತ್ತಿರಲಿಲ್ಲ.

ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸವೇ ಇಡೀ ಚಾಪ್ಟರ್. ಮಳೆ ಬಂದ್ರೆ ಅಂಗಳ ಒದ್ದೆಯಾಗುತ್ತೆ, ಇದು ಹೆಚ್ಚು ಕಡಿಮೆ ನೂರಕ್ಕೆ ನೂರು. ಹಾಗಂತ ಅಂಗಳ ಒದ್ದೆ ಇದೆ ಅಂದ್ರೆ ಮಳೆ ಬಂದಿದೆ ಅಂತಲ್ಲ. ನಮ್ಮಲ್ಲಿ ದಿನಾ ಬೆಳಿಗ್ಗೆ ನೀರು ಚಿಮುಕಿಸಿ ರಂಗೋಲಿ ಹಾಕ್ತಾರೆ. ಒದ್ದೆ ಅಂಗಳ ನೋಡಿ ಮಳೆ ಅಂತ ಹೇಳೋಕೆ ಮುಂಚೆ ಆ ಊರಲ್ಲಿ ಮಳೆ ಎಷ್ಟು ಅಪರೂಪ, ನೀರು ಚಿಮುಕಿಸೋದು ಎಷ್ಟು ಮಾಮೂಲಿ ಅನ್ನೋದು ಗೊತ್ತಿರಬೇಕು. ಬೇಯ್ಸ್ ಪ್ರಮೇಯ ಹೇಳೋದು ಇಷ್ಟೇ. ಥಾಮಸ್ ಬೇಯ್ಸ್ ಇಂಗ್ಲೆಂಡಿನ ಪಾದ್ರಿ. ತೀರಿಹೋದ ಎರಡು ವರ್ಷದ ಮೇಲೆ, 1763ರಲ್ಲಿ, ಅವನ ಸ್ನೇಹಿತ ರಿಚರ್ಡ್ ಪ್ರೈಸ್ ಆ ಬರಹವನ್ನು ಪ್ರಕಟಿಸಿದ.

ಪುಸ್ತಕದ ಸೂತ್ರ ಬಳಸಿದರೆ ಭಾವನ ಕಣ್ಣು ಮಂಜಾಗುತ್ತಿತ್ತು. ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಒಂದು ಸುಲಭ ದಾರಿ ಹೇಳ್ತಾರೆ: ಪರ್ಸೆಂಟ್ ಬಿಡಿ, ತಲೆ ಎಣಿಸಿ. ಹಾಗೇ ಮಾಡಿದೆ. ಗುಂಡು ಸಂಖ್ಯೆಗಳಲ್ಲಿ ನೀವೂ ಎಣಿಸಿ.

ಮೂವತ್ತರ ಆಸುಪಾಸಿನ 10,000 ಗರ್ಭಿಣಿಯರನ್ನು ಒಂದು ಮೈದಾನದಲ್ಲಿ ನಿಲ್ಲಿಸಿದ್ದೀವಿ ಅಂದುಕೊಳ್ಳಿ. ಈ ವಯಸ್ಸಿನಲ್ಲಿ ಡೌನ್ ಸಿಂಡ್ರೋಮ್ ಸುಮಾರು ಸಾವಿರಕ್ಕೆ ಒಂದು. ಅಂದರೆ ಮೈದಾನದಲ್ಲಿ 10 ಜನ. ಪರೀಕ್ಷೆ ಇದರಲ್ಲಿ 90 ಪರ್ಸೆಂಟ್, ಅಂದ್ರೆ 9 ಜನರನ್ನು ಹಿಡಿಯುತ್ತೆ. ಉಳಿದ 9,990 ಜನರಲ್ಲಿ ಏನೂ ತೊಂದರೆ ಇಲ್ಲ, ಆದರೂ ಸುಮಾರು 5 ಪರ್ಸೆಂಟ್ ಮಂದಿಗೆ ಕೆಂಪು ಅಕ್ಷರ ಬರುತ್ತೆ. ಅದು ಹತ್ತಿರ ಹತ್ತಿರ 500. ಕೆಂಪು ಅಕ್ಷರ ಬಂದವರೆಲ್ಲ ಬಲಗಡೆ ಬನ್ನಿ ಅಂದ್ರೆ ಬರುವವರು 509 ಜನ. ಅವರಲ್ಲಿ ನಿಜವಾಗಿ ತೊಂದರೆ ಇರೋದು 9 ಜನಕ್ಕೆ. 56ರಲ್ಲಿ ಒಬ್ಬರಿಗೆ, ನೂರಕ್ಕೆ ಎರಡು ಕೂಡ ಇಲ್ಲ.

ಭಾವ ಎರಡು ಸಲ ಕೂಡಿ ನೋಡಿದರು.

ಇನ್ನೊಂದು ವಿಷಯ. ಲ್ಯಾಬಿನವರು ತಂಗಿಯ ರಿಪೋರ್ಟಿನಲ್ಲಿ ಈ ಲೆಕ್ಕವನ್ನು ಅವಳ ವಯಸ್ಸು, ರಕ್ತ, ಸ್ಕ್ಯಾನ್ ಎಲ್ಲ ಸೇರಿಸಿ ಮಾಡಿಯೇ 1:190 ಅಂತ ಕೊಟ್ಟಿದ್ದರು. ಅವಳಂಥದ್ದೇ ರಿಪೋರ್ಟ್ ಇರುವ 190 ಜನರಲ್ಲಿ 189 ಜನಕ್ಕೆ ಈ ತೊಂದರೆ ಇಲ್ಲ ಅಂತ ಅದರ ಅರ್ಥ. ಸಾಮಾನ್ಯವಾಗಿ 1:250ರ ಹತ್ತಿರ ಒಂದು ಗೆರೆ ಎಳೆದಿರ್ತಾರೆ, ಅದಕ್ಕಿಂತ ಈಚೆ ಬಂದವರಿಗೆಲ್ಲ ಕೆಂಪು ಶಾಯಿ. ಉತ್ತರ ಸಣ್ಣ ಅಕ್ಷರದಲ್ಲಿತ್ತು, ಹೆದರಿಕೆ ದೊಡ್ಡ ಅಕ್ಷರದಲ್ಲಿತ್ತು. ನನ್ನ ಕೈಲಿ ಆ ರಿಪೋರ್ಟ್ ಡಿಸೈನ್ ಮಾಡೋ ಕೆಲಸ ಕೊಟ್ಟರೆ ಮೊದಲು ಈ ಎರಡು ಸಾಲಿನ ಫಾಂಟ್ ಸೈಜ್ ಅದಲು ಬದಲು ಮಾಡ್ತೀನಿ.

ಭಾವನಿಗೆ ಮಾತ್ರ ಹೀಗಾಗುತ್ತೆ ಅಂದುಕೊಳ್ಳಬೇಡಿ. 1978ರಲ್ಲಿ ಹಾರ್ವರ್ಡ್‌ಗೆ ಸೇರಿದ ಆಸ್ಪತ್ರೆಗಳಲ್ಲಿ 60 ಮಂದಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳಿಗೆ ಇಂಥದ್ದೇ ಪ್ರಶ್ನೆ ಕೇಳಿದ್ದರು: ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ, 5 ಪರ್ಸೆಂಟ್ ಸುಳ್ಳು ಪಾಸಿಟಿವ್ ಕೊಡುವ ಪರೀಕ್ಷೆ, ಪಾಸಿಟಿವ್ ಬಂದವನಿಗೆ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಅತಿ ಹೆಚ್ಚು ಜನ ಕೊಟ್ಟ ಉತ್ತರ 95 ಪರ್ಸೆಂಟ್. ಸರಿ ಉತ್ತರ ಸುಮಾರು 2 ಪರ್ಸೆಂಟ್. ಅದನ್ನು ಹೇಳಿದ್ದು 11 ಮಂದಿ.

ಸೋಮವಾರ ಡಾಕ್ಟರ್ ಶಾಂತವಾಗಿ ಹೇಳಿದರಂತೆ, ಇದು ಜರಡಿ ಹಿಡಿಯುವ ಪರೀಕ್ಷೆ ಅಷ್ಟೇ, ತೀರ್ಪಲ್ಲ. ಎನ್‌ಐಪಿಟಿ ಅನ್ನೋ ಇನ್ನೊಂದು ರಕ್ತಪರೀಕ್ಷೆ ಬರೆದುಕೊಟ್ಟರು. ಅದು ಡೌನ್ ಸಿಂಡ್ರೋಮ್ ವಿಷಯದಲ್ಲಿ ನೂರಕ್ಕೆ 99 ಹಿಡಿಯುತ್ತೆ, ಸುಳ್ಳು ಎಚ್ಚರಿಕೆ ಸಾವಿರಕ್ಕೆ ಒಂದರ ಆಸುಪಾಸು. ಇಲ್ಲೊಂದು ಚಂದದ ಸಂಗತಿ ಇದೆ. ಅದೇ ಪರೀಕ್ಷೆಯನ್ನು ಮೈದಾನದ 10,000 ಜನಕ್ಕೂ ನೇರವಾಗಿ ಮಾಡಿದರೆ 10 ನಿಜ, 10 ಸುಳ್ಳು, ಅಂದ್ರೆ ಪಾಸಿಟಿವ್ ಬಂದರೂ ಅರ್ಧಕ್ಕರ್ಧ. ಬಲಗಡೆ ಬಂದು ನಿಂತ 509 ಜನಕ್ಕೆ ಮಾತ್ರ ಮಾಡಿದರೆ 9 ನಿಜ, ಸುಳ್ಳು ಎಚ್ಚರಿಕೆ ಅರ್ಧ ಜನಕ್ಕೆ! ಎರಡು ಪರೀಕ್ಷೆಗಳು ಬೇರೆ ಬೇರೆ ಕಾರಣಕ್ಕೆ ತಪ್ಪುತ್ತವೆ ಅಂತ ಇಟ್ಟುಕೊಂಡ ಲೆಕ್ಕ ಇದು. ಮೆಷೀನ್ ಒಂದೇ, ನಿಖರತೆ ಒಂದೇ, ಯಾರಿಗೆ ಮಾಡ್ತೀವಿ ಅನ್ನೋದರ ಮೇಲೆ ಉತ್ತರದ ತೂಕ ಬೇರೆ. ಆಮೇಲೂ ಖಚಿತ ಮಾಡಿಕೊಳ್ಳೋಕೆ ಆಮ್ನಿಯೋಸೆಂಟೆಸಿಸ್ ಅಂತ ಬೇರೆಯೇ ಪರೀಕ್ಷೆ ಇದೆ, ಅದು ಡಾಕ್ಟರ್ ಜೊತೆ ಕೂತು ಮಾತಾಡಬೇಕಾದ ವಿಷಯ.

ತಂಗಿಗೆ ಲೋ ರಿಸ್ಕ್ ಅಂತ ಬಂತು. ಮಗುವಿಗೆ ಈಗ ಎಂಟು ತಿಂಗಳು, ನನ್ನ ಲ್ಯಾಪ್‌ಟಾಪ್ ಚಾರ್ಜರ್ ಅಂದ್ರೆ ಪ್ರಾಣ. ಆದರೆ ಬೇರೆ ಥರ ಬಂದಿದ್ದರೂ ಆ ಶುಕ್ರವಾರದ ಲೆಕ್ಕ ಸರಿಯೇ ಇರುತ್ತಿತ್ತು. 190ರಲ್ಲಿ ಆ ಒಬ್ಬರು ಯಾರೋ ಇರ್ತಾರೆ. ಅವರ ಮನೆಗೂ ಆ ಎರಡು ದಿನ ಈ ಲೆಕ್ಕ ಗೊತ್ತಿದ್ದರೆ ಒಳ್ಳೇದು.

ಇನ್ನು ಹನ್ನೆರಡನೇ ಚಾಪ್ಟರ್. ಅದರ ಸಾರಾಂಶ ಕನ್ನಡದಲ್ಲಿ ಮೊದಲೇ ಇದೆ: ಹಾಸಿಗೆ ಇದ್ದಷ್ಟು ಕಾಲು ಚಾಚು. ಗಾದೆ ಅಲ್ಲಿಗೆ ನಿಲ್ಲುತ್ತೆ. ಹಾಸಿಗೆಯ ಯಾವ ಅಂಚು ನಿಮ್ಮ ಕಾಲಿಗೆ ತಾಗ್ತಿದೆ, ಅದನ್ನು ಒಂದು ಗೇಣು ಉದ್ದ ಮಾಡಿದರೆ ಎಷ್ಟು ಲಾಭ ಅಂತಲೂ ಲೀನಿಯರ್ ಪ್ರೋಗ್ರಾಮಿಂಗ್ ಹೇಳುತ್ತೆ.

ನಮ್ಮೂರು ಚಿಂತಾಮಣಿ ಕಡೆ. ನಾಲ್ಕು ಎಕರೆ, ಒಂದು ಬೋರ್‌ವೆಲ್. ಟೊಮೇಟೊ ಮತ್ತು ರಾಗಿ. ಹೋದ ಯುಗಾದಿಗೆ ಹೋದಾಗ ಅಪ್ಪ ಎರಡನೇ ಬೋರ್ ಕೊರೆಸೋ ಮಾತಾಡ್ತಿದ್ದರು. ನಮ್ಮ ಕಡೆ ಬೋರು ಸಾವಿರ ಅಡಿ ದಾಟುತ್ತೆ, ನೀರು ಸಿಗೋದು ಅವರವರ ಹಣೆಬರಹ. ಏಜೆಂಟ್ ಹೇಳಿದ ಅಂದಾಜು ಮೂರೂವರೆ ಲಕ್ಷ, ಅಮ್ಮನ ಬಳೆ ಬ್ಯಾಂಕಿಗೆ ಹೋಗುವ ಸೂಚನೆ ಇತ್ತು. ಸಿಗುವ ಸಂಭವ ಎಷ್ಟು ಅಂತ ಎಲ್ಲರೂ ಚರ್ಚೆ ಮಾಡ್ತಿದ್ದರು. ನಾನು ಅದಕ್ಕೂ ಹಿಂದಿನ ಪ್ರಶ್ನೆ ಕೇಳಿದೆ: ನೀರು ಸಿಕ್ಕರೆ ಎಷ್ಟು ಲಾಭ?

ಅಪ್ಪನ ನೋಟ್‌ಬುಕ್ಕಿನಿಂದ ತೆಗೆದ ಲೆಕ್ಕ ಇದು, ಒಂದು ಹಂಗಾಮಿಗೆ. ಟೊಮೇಟೊಗೆ ಎಕರೆಗೆ 200 ಗಂಟೆ ಪಂಪು, 80 ಆಳು. ರಾಗಿಗೆ 50 ಗಂಟೆ ಪಂಪು, 30 ಆಳು. ಕರೆಂಟು ಮತ್ತು ಈಗಿರುವ ಬೋರು ಸೇರಿ ಸಿಗೋದು 600 ಗಂಟೆ. ಊರಲ್ಲಿ ನಮಗೆ ಸಿಗುವ ಆಳು 220. ಕೂಲಿ, ಗೊಬ್ಬರ, ಔಷಧಿ ಎಲ್ಲ ಕಳೆದು ಸರಾಸರಿ ಉಳಿಯೋದು ಟೊಮೇಟೊಗೆ ಎಕರೆಗೆ 50,000, ರಾಗಿಗೆ 20,000.

ಪಿಯುಸಿ ಥರ ಗ್ರಾಫ್ ಹಾಳೆ ಮೇಲೆ ಮೂರು ಗೆರೆ ಎಳೆದೆ. ಅಡ್ಡಕ್ಕೆ ಟೊಮೇಟೊ, ಉದ್ದಕ್ಕೆ ರಾಗಿ. ಜಮೀನಿನ ಗೆರೆ, ಆಳಿನ ಗೆರೆ, ನೀರಿನ ಗೆರೆ. ಮೂಲೆ ಬಿಂದುಗಳು: ನಾಲ್ಕೂ ಎಕರೆ ರಾಗಿ ಇಟ್ಟರೆ 80,000. ಎರಡು ಎಕರೆ ಟೊಮೇಟೊ, ಎರಡು ಎಕರೆ ರಾಗಿ ಇಟ್ಟರೆ 1,40,000. ಬರೀ ಟೊಮೇಟೊ ಅಂದ್ರೆ ಆಳು ಸಾಲೋದು ಎರಡೂಮುಕ್ಕಾಲು ಎಕರೆಗೆ ಮಾತ್ರ, ಅದಕ್ಕೆ 1,37,500. ಗೆದ್ದಿದ್ದು ಎರಡು-ಎರಡು.

ಅಪ್ಪ ದಿಟ್ಟಿಸಿ ನೋಡಿದ್ದು ನೀರಿನ ಗೆರೆ ಕಡೆ. ಅದು ಉಳಿದ ಎರಡು ಗೆರೆಗಳ ಆಚೆ ಸುಮ್ಮನೆ ಓಡುತ್ತಿತ್ತು, ಎಲ್ಲೂ ತಾಗುತ್ತಲೇ ಇರಲಿಲ್ಲ. ಎರಡು-ಎರಡರಲ್ಲಿ ಖರ್ಚಾಗೋದು 500 ಗಂಟೆ, 100 ಗಂಟೆ ಉಳಿಯುತ್ತೆ. ಅಂದ್ರೆ ಈ ಎರಡು ಬೆಳೆಗೆ ಹೊಸ ಬೋರಿನಲ್ಲಿ ಗಂಗೆಯೇ ಉಕ್ಕಿದರೂ ಲಾಭ ಸೊನ್ನೆ. ನಮ್ಮ ಕಾಲಿಗೆ ತಾಗ್ತಿದ್ದ ಅಂಚು ಆಳಿನದು. ಹತ್ತು ಆಳು ಹೆಚ್ಚು ಸಿಕ್ಕರೆ ಟೊಮೇಟೊ 2.2 ಎಕರೆಗೆ ಏರುತ್ತೆ, ರಾಗಿ 1.8ಕ್ಕೆ ಇಳಿಯುತ್ತೆ, ಲಾಭ 1,46,000. ಹತ್ತು ಆಳಿಗೆ 6,000, ಒಂದು ಆಳಿಗೆ 600 ರೂಪಾಯಿ, ಅದೂ ಮಾಮೂಲಿ ಕೂಲಿ ಕೊಟ್ಟ ಮೇಲೆ. ಪುಸ್ತಕಗಳಲ್ಲಿ ಇದನ್ನು ನೆರಳು ಬೆಲೆ ಅಂತಾರೆ. ನಮ್ಮ ಪಿಯುಸಿ ಚಾಪ್ಟರ್ ಮೂಲೆ ಬಿಂದುವಿಗೆ ನಿಂತುಬಿಡುತ್ತೆ, ಇದನ್ನು ಹೇಳೋದೇ ಇಲ್ಲ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಕಾಸು ಬಾಳೋದು ಇದೊಂದೇ.

ಪಕ್ಕದೂರಿನಿಂದ ಆಟೋ ಮಾಡಿ ಆಳು ಕರೆಸೋದು ದುಬಾರಿ ಅಂತ ಅಪ್ಪ ಹಿಂಜರೀತಿದ್ದರು. ತಲೆಗೆ ನೂರು ನೂರೈವತ್ತು ಹೆಚ್ಚಾದರೂ ಲಾಭವೇ ಅಂತ ಅವತ್ತು ಗೊತ್ತಾಯ್ತು. ಬೋರಿನ ಮಾತು ಅಲ್ಲಿಗೆ ನಿಂತಿತು. ಹಿಪ್ಪುನೇರಳೆ ಹಾಕೋದಾದರೆ ಲೆಕ್ಕ ಮತ್ತೆ ಬೇರೆ, ಅದು ಆಮೇಲೆ.

ಆದರೆ ಅಪ್ಪ ಇನ್ನೊಂದು ಕೇಳಿದರು. “ಟೊಮೇಟೊ ರೇಟು ಬಿದ್ದರೆ?”

ಇದನ್ನು ಕೇಳಿದ ತಕ್ಷಣ ನನಗೆ ಜಾರ್ಜ್ ಡಾಂಟ್ಜಿಗ್ ನೆನಪಾದ. ಕಥೆ ಸ್ವಲ್ಪ ಹಿಂದಿನಿಂದ ಹೇಳ್ತೀನಿ. 1945ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಒಬ್ಬ ಮನುಷ್ಯ ವರ್ಷಕ್ಕೆ ಎಷ್ಟು ಕಡಿಮೆ ಖರ್ಚಿನಲ್ಲಿ ಪೌಷ್ಟಿಕವಾಗಿ ಉಣ್ಣಬಹುದು ಅಂತ ಲೆಕ್ಕ ಹಾಕಿದ. 77 ಆಹಾರ, 9 ಪೋಷಕಾಂಶ. ಅಂದಾಜಿನಲ್ಲಿ ಅವನು ತಲುಪಿದ ಉತ್ತರ 39.93 ಡಾಲರ್. 1947ರಲ್ಲಿ ಡಾಂಟ್ಜಿಗ್ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದ ಮೇಲೆ ಅದನ್ನು ಇದೇ ಪ್ರಶ್ನೆ ಮೇಲೆ ಪರೀಕ್ಷೆ ಮಾಡಿದರು. ಒಂಬತ್ತು ಗುಮಾಸ್ತರು ಮೇಜಿನ ಕ್ಯಾಲ್ಕುಲೇಟರ್ ಕುಟ್ಟುತ್ತಾ ಕೂತು, ಒಟ್ಟು 120 ಆಳು-ದಿನದ ಕೆಲಸ. ಬಂದ ಉತ್ತರ 39.69 ಡಾಲರ್. ಸ್ಟಿಗ್ಲರನ ಅಂದಾಜಿಗೂ ಇದಕ್ಕೂ ವ್ಯತ್ಯಾಸ 24 ಸೆಂಟ್! ಈಗ ನನ್ನ ಫೋನಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ.

ಆಮೇಲೆ ಐವತ್ತರ ದಶಕದಲ್ಲಿ ಡಾಕ್ಟರ್ ಡಾಂಟ್ಜಿಗ್‌ಗೆ ತೂಕ ಇಳಿಸು ಅಂದರು. ಅವನು ತನ್ನ ಡಯಟ್ಟನ್ನೇ ಕಂಪ್ಯೂಟರಿಗೆ ಕೊಟ್ಟ. ಹೊಟ್ಟೆ ತುಂಬಿದ ಹಾಗೆ ಅನಿಸಬೇಕು, ಕ್ಯಾಲೊರಿ ಮಿತಿಯಲ್ಲಿರಬೇಕು. ಉತ್ತರದಲ್ಲಿ 500 ಗ್ಯಾಲನ್ ವಿನೆಗರ್ ಇತ್ತು. ವಿನೆಗರ್ ತೆಗೆದು ಮತ್ತೆ ಓಡಿಸಿದ. ದಿನಕ್ಕೆ 200 ಸೂಪ್ ಕ್ಯೂಬ್ ತಿನ್ನು ಅಂತ ಬಂತು. ಉಪ್ಪಿಗೆ ಮೇಲಿನ ಮಿತಿ ಅಂತ ಯಾರೂ ಬರೆದಿರಲಿಲ್ಲ. ಅದಕ್ಕೆ ಮಿತಿ ಹಾಕಿದ, ರಾಶಿ ಗೋಧಿ ತೌಡು ಬಂತು. ಕೊನೆಗೆ ಹೆಂಡತಿ ಆನ್ ತಾನೇ ಒಂದು ಡಯಟ್ ಮಾಡಿಕೊಟ್ಟಳು.

ಮೆಷೀನ್ ನೀವು ಬರೆದ ನಿರ್ಬಂಧವನ್ನು ಮಾತ್ರ ಪಾಲಿಸುತ್ತೆ. ಮನಸ್ಸಲ್ಲಿ ಇಟ್ಟುಕೊಂಡಿದ್ದು ಅದಕ್ಕೆ ಕಾಣಲ್ಲ. ಆಫೀಸಿನಲ್ಲಿ ಆನ್-ಕಾಲ್ ರೋಸ್ಟರ್ ಮಾಡೋ ಟೂಲ್ ಎಲ್ಲ ವೀಕೆಂಡ್‌ಗಳನ್ನೂ ಒಬ್ಬ ಬ್ರಹ್ಮಚಾರಿಗೇ ಕೊಟ್ಟಿದ್ದನ್ನು ನೀವೂ ನೋಡಿರ್ತೀರಿ.

ಅಪ್ಪನ ಮನಸ್ಸಲ್ಲಿದ್ದ ನಿರ್ಬಂಧ ಕೆಟ್ಟ ವರ್ಷ. 2023ರ ಜುಲೈನಲ್ಲಿ ಕೆಜಿಗೆ ನೂರು ದಾಟಿದ ಇದೇ ಟೊಮೇಟೊವನ್ನು ಬೇರೆ ವರ್ಷ ರಸ್ತೆಗೆ ಸುರಿದಿದ್ದಾರೆ ನಮ್ಮವರು. ಅದಕ್ಕೆ ಆ 50,000ದ ಸರಾಸರಿಯನ್ನು ಒಡೆದು ನೋಡಿದೆವು. ಅಪ್ಪನ ಅನುಭವದಲ್ಲಿ ಮೂರು ವರ್ಷಕ್ಕೆ ಎರಡು ಒಳ್ಳೇದು, ಎಕರೆಗೆ 95,000 ಉಳಿಯುತ್ತೆ. ಒಂದು ಕೆಟ್ಟದ್ದು, 40,000 ಕೈಯಿಂದ ಹೋಗುತ್ತೆ. ಎರಡು ತೊಂಬತ್ತೈದು ಕೂಡಿ, ನಲವತ್ತು ಕಳೆದು, ಮೂರರಿಂದ ಭಾಗಿಸಿದರೆ ಸರಿಯಾಗಿ 50,000. ಎರಡು-ಎರಡು ಹಾಕಿದರೆ ಒಳ್ಳೆ ವರ್ಷ 2,30,000, ಕೆಟ್ಟ ವರ್ಷ 40,000 ನಷ್ಟ.

“ಕೆಟ್ಟ ವರ್ಷದಲ್ಲೂ ಕೈ ಸುಡಬಾರದು, ಸೊನ್ನೆ ಆದ್ರೂ ಪರವಾಗಿಲ್ಲ” ಅಂದರು ಅಪ್ಪ. ಅದೇ ನಾಲ್ಕನೇ ಗೆರೆ. ರಾಗಿಯ 20,000 ಟೊಮೇಟೊದ 40,000 ನಷ್ಟವನ್ನು ತುಂಬಬೇಕು, ಅಂದ್ರೆ ಒಂದು ಎಕರೆ ಟೊಮೇಟೊಗೆ ಎರಡು ಎಕರೆ ರಾಗಿ. ನಾಲ್ಕು ಎಕರೆಯಲ್ಲಿ ಟೊಮೇಟೊ ಒಂದೂ ಮೂರನೇ ಒಂದು, ರಾಗಿ ಎರಡೂ ಮೂರನೇ ಎರಡು. ಸರಾಸರಿ ಲಾಭ 1,20,000. ಮೊದಲಿನ ಲೆಕ್ಕಕ್ಕಿಂತ 20,000 ಕಡಿಮೆ. ರಾತ್ರಿ ನಿದ್ದೆ ಮಾಡೋಕೆ ಅಪ್ಪ ಕೊಡ್ತಿರುವ ಬೆಲೆ ಅದು, ವರ್ಷಕ್ಕೆ 20,000. ಅದು ಜಾಸ್ತಿಯೋ ಕಡಿಮೆಯೋ ಅಂತ ಗಣಿತ ಹೇಳಲ್ಲ. ಇಎಂಐ ಕಟ್ಟೋ ನನಗೆ ಕಡಿಮೆ ಅನಿಸಿತು, ಮೂವತ್ತು ವರ್ಷ ಬೇಸಾಯ ಮಾಡಿದ ಅಪ್ಪನಿಗೆ “ಪರವಾಗಿಲ್ಲ” ಅನಿಸಿತು.

ತಮಾಷೆ ಅಂದ್ರೆ ಆ ನಾಲ್ಕನೇ ಗೆರೆ ಬಂದ ತಕ್ಷಣ ಉಳಿದ ಬೆಲೆಗಳೆಲ್ಲ ಪಲ್ಟಿ ಹೊಡೆದವು. ಈಗ ಬೇಕಾಗೋದು 187 ಆಳು ಮಾತ್ರ, ಹಾಗಾಗಿ ಹೆಚ್ಚಿನ ಆಳಿನ ನೆರಳು ಬೆಲೆ 600ರಿಂದ ಸೊನ್ನೆಗೆ ಇಳಿಯಿತು. ನೀರು ಮೊದಲೂ ಸೊನ್ನೆ, ಈಗಲೂ ಸೊನ್ನೆ. ಮೊದಲಿನ ಲೆಕ್ಕದಲ್ಲಿ ಒಂದು ಎಕರೆ ಹೆಚ್ಚು ಜಮೀನಿಗೆ ಬರೀ 2,000 ರೂಪಾಯಿ ಬೆಲೆ ಇತ್ತು, ಅದು ಎಕರೆಗೆ 30,000ಕ್ಕೆ ಏರಿತು. ಅರ್ಧ ಎಕರೆ ಹೆಚ್ಚು ಸಿಕ್ಕರೆ ಟೊಮೇಟೊ ಒಂದೂವರೆ, ರಾಗಿ ಮೂರು, ಆಳು 210, ಲಾಭ 1,35,000. ಇದೆಲ್ಲ ಕೆಟ್ಟ ವರ್ಷಕ್ಕೆ ಸೊನ್ನೆ ಅನ್ನೋ ಷರತ್ತಿನ ಒಳಗೇ.

ಭಾನುವಾರ ಚಿಕ್ಕಪ್ಪನ ಮಗಳಿಗೆ ಪುಸ್ತಕದ ಕುರ್ಚಿ-ಮೇಜಿನ ಸಮಸ್ಯೆ ಬಿಡಿಸಿ, ಇದನ್ನೇ ಎಂಟನೇ ಲೆಕ್ಕ ಅಂತ ಕೊಟ್ಟೆ. ಗ್ರಾಫ್ ಹಾಕಿ ಫೋಟೋ ಕಳಿಸಿದಳು, ನಾಲ್ಕು ಗೆರೆಯೂ ಸರಿ ಇತ್ತು. ಪಕ್ಕದ ಹೊಲದವರದು ಅರ್ಧ ಎಕರೆ ಈ ಸಲ ಖಾಲಿ ಬಿದ್ದಿದೆ. ಹಂಗಾಮಿಗೆ 8,000 ಗುತ್ತಿಗೆ ಕೇಳ್ತಿದ್ದಾರಂತೆ. 15,000ದವರೆಗೂ ಹೋಗಬಹುದು ಅಂತ ಅಪ್ಪನಿಗೆ ಗೊತ್ತಿದೆ, ಆದರೂ 6,000ಕ್ಕೆ ಇಳಿಸೋಕೆ ದಿನಾ ಸಂಜೆ ಬೀಡಿ ಹಚ್ಚಿಕೊಂಡು ಅವರ ಜಗಲಿ ಮೇಲೆ ಕೂತು ಬರ್ತಿದ್ದಾರೆ.